ಬಿಪಿ ಇಳಿಯಿತು, ಅಂಗೈ ಬೆಚ್ಚಗಿದೆ, ಆದರೂ ಕಿಡ್ನಿಗೆ ರಕ್ತ ಸಾಲುತ್ತಿಲ್ಲ

ಐವತ್ತೈದು ದಾಟಿದ ಒಬ್ಬ ಕಾಫಿ ಬೆಳೆಗಾರರನ್ನು ಕಲ್ಪಿಸಿಕೊಳ್ಳಿ. ಸೋಮವಾರಪೇಟೆ ಕಡೆಯವರು. ವರ್ಷಗಳಿಂದ ಬಿಪಿ ಮಾತ್ರೆ ತಗೊಳ್ಳುತ್ತಿದ್ದರು. ಈಚೆಗೆ ಬಿಪಿ ತಾನಾಗಿಯೇ ಇಳಿದಿದೆ. 150ರ ಆಸುಪಾಸಿನಲ್ಲಿ ಇರುತ್ತಿದ್ದದ್ದು ಈಗ 110. ಮಾತ್ರೆ ಬಿಟ್ಟರೂ ಏರುತ್ತಿಲ್ಲ. ಅಂಗೈ ಕೆಂಪು ಕೆಂಪಗಿದೆ, ಡಿಸೆಂಬರ್ ಚಳಿಯಲ್ಲೂ ಮುಟ್ಟಿದರೆ ಬೆಚ್ಚಗಿರುತ್ತದೆ. 'ರಕ್ತ ಚೆನ್ನಾಗಿ ಓಡ್ತಾ ಇದೆ ಬಿಡಿ' ಅಂತ ನೆಂಟರು ಹೇಳುತ್ತಾರೆ. ಆದರೆ ಸಂಜೆ ಹೊತ್ತಿಗೆ ಕಾಲು ಊದುತ್ತದೆ. ಪ್ಯಾಂಟು ಸೊಂಟಕ್ಕೆ ಹತ್ತುತ್ತಿಲ್ಲ. ಮೂತ್ರ ಮೊದಲಿನಷ್ಟು ಹೋಗುತ್ತಿಲ್ಲ. ಸ್ಕ್ಯಾನ್ ಮಾಡಿಸಿದಾಗ ಗೊತ್ತಾಗುತ್ತದೆ: ಲಿವರ್ ಸಿರೋಸಿಸ್, ಅಂದರೆ ಲಿವರ್ ನಾರುಗಟ್ಟಿ ಗಟ್ಟಿಯಾಗುವ ಕಾಯಿಲೆ, ಜೊತೆಗೆ ಹೊಟ್ಟೆಯಲ್ಲಿ ನೀರು.

ಇದು ಒಬ್ಬರ ಕಥೆಯಲ್ಲ. ಸಿರೋಸಿಸ್ ಇರುವ ಎಷ್ಟೋ ಜನರಲ್ಲಿ ಹೀಗೇ ಆಗುತ್ತದೆ. ಬಿಪಿ ಇಳಿಯುವುದು, ಕೈ ಬೆಚ್ಚಗಿರುವುದು, ಅಂಗೈ ಕೆಂಪಾಗುವುದು, ಇವು ಗುಣವಾಗುತ್ತಿರುವ ಲಕ್ಷಣಗಳಲ್ಲ. ಕಾಯಿಲೆಯದ್ದೇ ಲಕ್ಷಣಗಳು. ಇವೆಲ್ಲ ಯಾಕೆ ಒಟ್ಟಿಗೆ ಬರುತ್ತವೆ ಅಂತ ತಿಳಿಯಬೇಕಾದರೆ ಹೃದಯ, ದೊಡ್ಡ ರಕ್ತನಾಳ ಇವನ್ನಷ್ಟೇ ನೋಡಿದರೆ ಆಗದು. ಲೋಮನಾಳ ಅಂತ ಶಾಲೆಯಲ್ಲಿ ಓದಿದ್ದೆವಲ್ಲ, ಆ ತೀರಾ ಸಣ್ಣ ನಾಳಗಳಲ್ಲಿ ಏನಾಗುತ್ತಿದೆ ಅಂತ ನೋಡಬೇಕು. ಲಿವರ್ ರೋಗಿಗಳ ಮೇಲೆ ಹಲವು ದೇಶಗಳಲ್ಲಿ ಈಗ ಇಂಥ ಅಧ್ಯಯನಗಳು ನಡೆಯುತ್ತಿವೆ. ಕೆಲವದರಲ್ಲಿ ನಾಲಿಗೆಯ ಕೆಳಗೆ ಪುಟ್ಟ ಕ್ಯಾಮೆರಾ ಇಡುತ್ತಾರೆ, ಕೆಲವದರಲ್ಲಿ ಉಗುರಿನ ಬುಡವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಲಿವರ್ ಕಾಯಿಲೆಗೆ ನಾಲಿಗೆ ಯಾಕೆ, ಉಗುರು ಯಾಕೆ? ಪ್ರಶ್ನೆ ಸರಿಯಾಗಿಯೇ ಇದೆ.

ಲೋಮನಾಳದ ಅಳತೆ

ಲೋಮನಾಳದ ಅಗಲ ಸುಮಾರು 5ರಿಂದ 10 ಮೈಕ್ರಾನ್. ಒಂದು ಮಿಲಿಮೀಟರ್‌ನಲ್ಲಿ ಸಾವಿರ ಮೈಕ್ರಾನ್. ಕೆಂಪು ರಕ್ತಕಣದ ಅಗಲವೇ 7ರಿಂದ 8 ಮೈಕ್ರಾನ್. ಅಂದರೆ ಎಷ್ಟೋ ಕಡೆ ಕಣಗಳು ಒಂದರ ಹಿಂದೆ ಒಂದು, ಮೈ ಮಡಚಿಕೊಂಡೇ ನುಸುಳಬೇಕು. ಆಮ್ಲಜನಕ ಇಳಿಯುವುದು, ಪೋಷಕಾಂಶ ಕೈ ಬದಲಾಗುವುದು, ಕಸ ಹತ್ತುವುದು ಎಲ್ಲ ಇಲ್ಲೇ. ದೊಡ್ಡ ನಾಳಗಳ ಕೆಲಸ ಬರೀ ಸಾಗಾಟ.

ರಕ್ತ ದೇಹದಲ್ಲಿ ಸುತ್ತುತ್ತದೆ ಅಂತ ವಿಲಿಯಂ ಹಾರ್ವೆ 1628ರಲ್ಲಿ ಬರೆದಾಗ ಅವನಿಗೆ ಒಂದು ಕೊಂಡಿ ಸಿಕ್ಕಿರಲಿಲ್ಲ. ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವುದು ಹೇಗೆ? ಅದನ್ನು ಕಂಡವನು ಇಟಲಿಯ ಮಾರ್ಚೆಲ್ಲೊ ಮಾಲ್ಪಿಗಿ. 1661ರಲ್ಲಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಲೋಮನಾಳಗಳನ್ನು ವಿವರಿಸಿದ. ಅಂಗಕ್ಕೆ ಎಷ್ಟು ಬೇಕೋ ಅಷ್ಟು ಲೋಮನಾಳಗಳು ತೆರೆದುಕೊಳ್ಳುತ್ತವೆ, ಬೇಡದಾಗ ಮುಚ್ಚಿಕೊಳ್ಳುತ್ತವೆ ಎನ್ನುವ ವಿಷಯಕ್ಕೆ ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ 1920ರಲ್ಲಿ ನೊಬೆಲ್ ಪಡೆದರು. ಈ ತೆರೆಯುವ ಮುಚ್ಚುವ ಆಟವೇ ಲಿವರ್ ಕಾಯಿಲೆಯಲ್ಲಿ ಕೆಡುವುದು.

ಲಿವರ್ ಒಳಗೆ ಬಿಗಿ

ಲಿವರ್‌ಗೆ ರಕ್ತ ಎರಡು ಕಡೆಯಿಂದ ಬರುತ್ತದೆ. ಹೃದಯದಿಂದ ನೇರ ಬರುವ ಅಪಧಮನಿ ಒಂದು. ಇನ್ನೊಂದು ಪೋರ್ಟಲ್ ಅಭಿಧಮನಿ, ಅಂದರೆ ಹೊಟ್ಟೆ, ಕರುಳು, ಗುಲ್ಮ ಇವನ್ನೆಲ್ಲ ಸುತ್ತಿ ಬಂದ ರಕ್ತವನ್ನು ತರುವ ನಾಳ. ಲಿವರ್‌ಗೆ ಸೇರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಈ ಪೋರ್ಟಲ್ ನಾಳದ್ದೇ. ಒಟ್ಟು ಸೇರಿದರೆ ನಿಮಿಷಕ್ಕೆ ಒಂದೂವರೆ ಲೀಟರ್ ಹತ್ತಿರ. ಹೃದಯ ನಿಮಿಷಕ್ಕೆ ಐದು ಲೀಟರ್ ಪಂಪ್ ಮಾಡುತ್ತದೆ ಅಂದರೆ, ಅದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಈ ಒಂದು ಅಂಗಕ್ಕೇ ಹೋಗುತ್ತದೆ.

ಇಷ್ಟು ರಕ್ತ ಬಂದರೂ ಆರೋಗ್ಯವಾದ ಲಿವರ್‌ನಲ್ಲಿ ಒತ್ತಡ ತೀರಾ ಕಡಿಮೆ. ಕಾರಣ, ಅಲ್ಲಿನ ಲೋಮನಾಳಗಳು ಬೇರೆ ಥರ. ಅವಕ್ಕೆ ಸೈನುಸಾಯ್ಡ್ ಅಂತ ಹೆಸರು. ಗೋಡೆ ತುಂಬ ಸಣ್ಣ ಸಣ್ಣ ತೂತುಗಳಿರುತ್ತವೆ. ರಕ್ತದ ದ್ರವ ಭಾಗ ಸಲೀಸಾಗಿ ಹೊರಗೆ ಬಂದು ಲಿವರ್ ಕೋಶಗಳನ್ನು ತಾಕಿ ಹೋಗುತ್ತದೆ. ಗೋಡೆಯ ಹೊರಗೆ ನಕ್ಷತ್ರದ ಆಕಾರದ ಕೋಶಗಳು ಕೂತಿರುತ್ತವೆ. ಮಾಮೂಲು ದಿನಗಳಲ್ಲಿ ವಿಟಮಿನ್ ಎ ಶೇಖರಿಸಿಟ್ಟುಕೊಳ್ಳುವುದೇ ಅವುಗಳ ಮುಖ್ಯ ಕೆಲಸ.

ಲಿವರ್‌ಗೆ ವರ್ಷಗಟ್ಟಲೆ ಪೆಟ್ಟು ಬೀಳುತ್ತಿದ್ದರೆ ಈ ನಕ್ಷತ್ರ ಕೋಶಗಳು ಸ್ವಭಾವ ಬದಲಿಸುತ್ತವೆ. ನಾರು ಉತ್ಪಾದಿಸತೊಡಗುತ್ತವೆ. ಸ್ನಾಯುವಿನ ಹಾಗೆ ಕುಗ್ಗಿ ಸೈನುಸಾಯ್ಡನ್ನು ಹಿಂಡುತ್ತವೆ. ಗೋಡೆಯ ತೂತುಗಳು ಮುಚ್ಚುತ್ತವೆ. 1963ರಲ್ಲಿ ಶಾಫ್ನರ್ ಮತ್ತು ಪಾಪರ್ ಎಂಬ ಇಬ್ಬರು ವೈದ್ಯರು ಇದನ್ನು ಮನುಷ್ಯರ ಲಿವರ್‌ನಲ್ಲಿ ತೋರಿಸಿದರು. ರಕ್ತ ಬರುತ್ತದೆ, ಆದರೆ ಕೋಶಕ್ಕೆ ತಾಕುವುದಿಲ್ಲ. ಮುಂದೆ ಸಾಗಲು ಜಾಗವೂ ಇಲ್ಲ. ಹಿಂದೆ ಒತ್ತಡ ಏರುತ್ತದೆ.

ಪೆಟ್ಟು ಅಂದ ಕೂಡಲೇ ಕುಡಿತ ಅಂತ ನಿರ್ಧರಿಸಬೇಡಿ. ಕೊಡಗಿನಲ್ಲಿ ಮದುವೆ, ಕೈಲ್‌ಪೊಳ್ದ್, ಪುತ್ತರಿ ಹಬ್ಬ ಅಂದರೆ ಗ್ಲಾಸು ಇದ್ದೇ ಇರುತ್ತದೆ, ನಿಜ. ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಬಟವಾಡೆ ದಿನದ ಸಂಜೆ ಹೇಗಿರುತ್ತದೆ ಅಂತಲೂ ಎಲ್ಲರಿಗೂ ಗೊತ್ತು. ಆದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ವೈರಸ್‌ಗಳಿಂದಲೂ ಸಿರೋಸಿಸ್ ಬರುತ್ತದೆ. ಒಂದು ತೊಟ್ಟೂ ಮುಟ್ಟದವರಿಗೆ ಸಕ್ಕರೆ ಕಾಯಿಲೆ, ಬೊಜ್ಜು, ಫ್ಯಾಟಿ ಲಿವರ್ ದಾರಿಯಲ್ಲಿಯೂ ಬರುತ್ತದೆ. ಸಿರೋಸಿಸ್ ಅಂದ ತಕ್ಷಣ ನೆರೆಹೊರೆಯವರು 'ಕುಡಿದು ಮಾಡಿಕೊಂಡ' ಅಂತ ತೀರ್ಪು ಕೊಡುವುದರಿಂದ ಎಷ್ಟೋ ಜನ, ಅದರಲ್ಲೂ ಹೆಂಗಸರು, ಡಾಕ್ಟರ ಹತ್ತಿರ ಹೋಗುವುದನ್ನೇ ಮುಂದೂಡುತ್ತಾರೆ.

ಪೋರ್ಟಲ್ ಒತ್ತಡವನ್ನು ಅಳೆಯುವ ಒಂದು ಪಕ್ಕಾ ವಿಧಾನ ಇದೆ. ಕತ್ತಿನ ಅಭಿಧಮನಿಯ ಮೂಲಕ ತೆಳು ಕೊಳವೆಯನ್ನು ಲಿವರ್‌ನ ಅಭಿಧಮನಿಗೆ ಇಳಿಸಿ, ತುದಿಯ ಪುಟ್ಟ ಬಲೂನು ಉಬ್ಬಿಸಿ ಒಮ್ಮೆ, ಉಬ್ಬಿಸದೆ ಒಮ್ಮೆ ಒತ್ತಡ ನೋಡುತ್ತಾರೆ. ಎರಡರ ವ್ಯತ್ಯಾಸ 5 ಮಿ.ಮೀ. ಪಾದರಸದವರೆಗೆ ಇದ್ದರೆ ಸರಿ. 10 ಮುಟ್ಟಿದರೆ ತೊಂದರೆ ಶುರು. 12 ಆದಮೇಲೆ ಅನ್ನನಾಳದಲ್ಲಿ ಉಬ್ಬಿದ ನಾಳ ಒಡೆದು ರಕ್ತ ಕಾರುವ ಅಪಾಯ. ತೋಳಿನ ಬಿಪಿ 120 ಅಂತ ನೋಡಿ ರೂಢಿ ಇರುವ ನಮಗೆ 12 ಅಂದರೆ ಏನೂ ಅನಿಸುವುದಿಲ್ಲ, ಅಲ್ವಾ? ಲಿವರ್‌ಗೆ ಅಷ್ಟು ಸಾಕು.

ಲಿವರ್ ಹೊರಗೆ ಸಡಿಲ

ಇಲ್ಲಿಂದ ಮುಂದೆ ಕಥೆ ತಿರುಗುತ್ತದೆ. ನನಗೆ ಇಡೀ ವಿಷಯದಲ್ಲಿ ಜಾಸ್ತಿ ಕುತೂಹಲ ಹುಟ್ಟಿಸಿದ ಭಾಗವೂ ಇದೇ.

ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಉತ್ಪಾದಿಸುತ್ತದೆ. ಅದು ನಾಳವನ್ನು ಸಡಿಲಿಸುವ ಸಂದೇಶ. ಇದನ್ನು ಪತ್ತೆ ಮಾಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೂ 1998ರಲ್ಲಿ ನೊಬೆಲ್ ಬಂತು. ಸಿರೋಸಿಸ್‌ನಲ್ಲಿ ಲಿವರ್ ಒಳಗೆ ಈ ಅನಿಲ ಸಾಲುವುದಿಲ್ಲ, ಹಾಗಾಗಿ ಅಲ್ಲಿನ ನಾಳಗಳು ಇನ್ನಷ್ಟು ಬಿಗಿ. ಆದರೆ ಲಿವರ್ ಹೊರಗೆ, ಮುಖ್ಯವಾಗಿ ಕರುಳಿನ ನಾಳಗಳಲ್ಲಿ, ಅದೇ ಅನಿಲ ವಿಪರೀತ ತಯಾರಾಗುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳ ತುಣುಕುಗಳು ಸೋರಿ ರಕ್ತಕ್ಕೆ ಸೇರುವುದು ಇದಕ್ಕೆ ಒಂದು ಕಾರಣ. ಆರೋಗ್ಯವಾದ ಲಿವರ್ ಅವನ್ನು ಅಲ್ಲಲ್ಲೇ ಹಿಡಿದು ಮುಗಿಸುತ್ತಿತ್ತು. ಈಗ ಆ ಕೆಲಸ ಸರಿಯಾಗಿ ಆಗುತ್ತಿಲ್ಲ. ಪರಿಣಾಮ, ಕರುಳಿನ ನಾಳಗಳು ಅಗಲವಾಗಿ ಬಾಯಿ ತೆರೆದುಕೊಳ್ಳುತ್ತವೆ. ಇಡೀ ದೇಹದ ರಕ್ತದಲ್ಲಿ ದೊಡ್ಡ ಪಾಲು ಅಲ್ಲೇ ಉಳಿಯುತ್ತದೆ.

ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾಕ್ಕೆ ಹೂ ಬಿಡಿಸಲು ಸ್ಪ್ರಿಂಕ್ಲರ್ ಹಾಕುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕೆರೆಯ ದಡದಲ್ಲಿ ಡೀಸೆಲ್ ಪಂಪು ಓಡುತ್ತಿದೆ. ಪಂಪಿನ ಶಕ್ತಿಗೆ ಇಷ್ಟೇ ಜೆಟ್ ಅಂತ ಲೆಕ್ಕ ಇರುತ್ತದೆ. ಯಾರೋ ತಗ್ಗಿನ ಲೈನಿನಲ್ಲಿ ಲೆಕ್ಕ ಮೀರಿ ಜೆಟ್ ತೆರೆದರೆ ಏನಾಗುತ್ತದೆ? ತಗ್ಗಿನಲ್ಲಿ ನೀರೋ ನೀರು, ಏರಿನ ಮೇಲಿನ ಜೆಟ್ ತಿರುಗುವುದೇ ಇಲ್ಲ, ಬಾಯಲ್ಲಿ ತೊಟಕು ತೊಟಕು ನೀರು. ಪಂಪಿನ ಹತ್ತಿರ ನಿಂತವನು ಎಂಜಿನ್ ಚೆನ್ನಾಗೇ ಓಡ್ತಿದೆ ಅಂತಾನೆ. ಅವನು ಹೇಳುವುದೂ ಸುಳ್ಳಲ್ಲ. ಇನ್ನೂ ರೇಸ್ ಮಾಡಿದರೆ ಆ ನೀರೂ ತಗ್ಗಿಗೇ ಹೋಗುತ್ತದೆ. ಸಿರೋಸಿಸ್‌ನಲ್ಲಿ ತಗ್ಗಿನ ಲೈನು ಅಂದರೆ ಕರುಳು. ಏರಿನ ಮೇಲಿರುವುದು ಕಿಡ್ನಿ.

ಸಿರೋಸಿಸ್ ರೋಗಿಗಳಲ್ಲಿ ಹೃದಯ ಕಡಿಮೆಯಲ್ಲ, ಮಾಮೂಲಿಗಿಂತ ಜಾಸ್ತಿಯೇ ಪಂಪ್ ಮಾಡುತ್ತದೆ ಅಂತ ಅಮೆರಿಕದ ಕೊವಾಲ್ಸ್ಕಿ ಮತ್ತು ಏಬಲ್‌ಮನ್ 1953ರಲ್ಲೇ ಅಳೆದು ತೋರಿಸಿದ್ದರು. ಆಗ ಅದು ಒಗಟು. ನಾಳಗಳು ಹಿಗ್ಗುವುದೇ ಮೊದಲ ಹೆಜ್ಜೆ, ಕಿಡ್ನಿ ಉಪ್ಪು ಹಿಡಿದಿಟ್ಟುಕೊಳ್ಳುವುದು ಆಮೇಲಿನದು ಅಂತ 1988ರಲ್ಲಿ ರಾಬರ್ಟ್ ಶ್ರಿಯರ್ ಮತ್ತು ಸಂಗಡಿಗರು ವಾದ ಮುಂದಿಟ್ಟರು. ಹಿಗ್ಗುವುದಕ್ಕೆ ನೈಟ್ರಿಕ್ ಆಕ್ಸೈಡ್ ಕಾರಣ ಇರಬಹುದು ಅಂತ ವ್ಯಾಲೆನ್ಸ್ ಮತ್ತು ಮೊಂಕಾಡಾ 1991ರಲ್ಲಿ ಸೂಚಿಸಿದರು. ಮೂರೂ ಕೊಂಡಿ ಸೇರಿದಾಗ ಚಿತ್ರ ಪೂರ್ತಿಯಾಯಿತು.

ಈಗ ಆ ಬೆಳೆಗಾರರ ಮನೆಗೆ ವಾಪಸ್ ಹೋಗಿ ನೋಡಿ. ನಾಳಗಳು ಸಡಿಲವಾದ್ದರಿಂದ ಬಿಪಿ ಇಳಿಯಿತು. ಚರ್ಮದ ಸಣ್ಣ ನಾಳಗಳೂ ಹಿಗ್ಗಿದ್ದರಿಂದ ಅಂಗೈ ಕೆಂಪು, ಬೆಚ್ಚಗೆ. ಕಿಡ್ನಿಗೆ ಮಾತ್ರ ರಕ್ತ ಸಾಲುತ್ತಿಲ್ಲ. ದೇಹದಲ್ಲಿ ನೀರು ಕಡಿಮೆಯಾಗಿದೆ ಅಂತ ಅದು ತಿಳಿದುಕೊಂಡು, ಸಿಕ್ಕಿದ ಉಪ್ಪನ್ನೂ ನೀರನ್ನೂ ಹಿಡಿದಿಡುತ್ತದೆ. ಆ ನೀರು ಹೊಟ್ಟೆಗೆ, ಕಾಲಿಗೆ ಇಳಿಯುತ್ತದೆ. ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟರು ಹೇಳುವುದು ಇದಕ್ಕೇ. ಅನ್ನಕ್ಕೆ ಉಪ್ಪು ಬಿಟ್ಟು, ಪಕ್ಕದಲ್ಲಿ ಒಣಮೀನು, ಕಾಡುಮಾವಿನ ಉಪ್ಪಿನಕಾಯಿ, ಹಂದಿ ಉಪ್ಪಿನಕಾಯಿ ಇಟ್ಟುಕೊಂಡರೆ ಬಿಟ್ಟ ಉಪ್ಪು ಬೇರೆ ದಾರಿಯಲ್ಲಿ ಒಳಗೆ ಬಂದೇ ಬರುತ್ತದೆ.

ಮೈಕೈ ನೋವಿನ ಗುಳಿಗೆ

ಸಣ್ಣ ನಾಳಗಳ ಈ ಲೆಕ್ಕ ನಮ್ಮ ದಿನನಿತ್ಯಕ್ಕೆ ಜಾಸ್ತಿ ತಾಕುವುದು ಮೆಡಿಕಲ್ ಶಾಪಿನ ಕಟ್ಟೆಯಲ್ಲಿ. ಕಾಫಿ ಕುಯ್ಲು, ಮರಗಸಿ, ಮೆಣಸು ಕೊಯ್ಯಲು ಏಣಿ ಹತ್ತಿ ಇಳಿಯುವುದು. ಸಂಜೆಗೆ ಸೊಂಟ ಹಿಡಿದುಕೊಂಡಿರುತ್ತದೆ. 'ಅಣ್ಣ, ಮೈಕೈ ನೋವಿಗೆ ಒಂದು ಗುಳಿಗೆ ಕೊಡಿ' ಅಂದರೆ ಚೀಟಿ ಕೇಳದೆ ಕೊಡುವ ಅಂಗಡಿಗಳೂ ಇವೆ. ಸಾಮಾನ್ಯವಾಗಿ ಸಿಗುವುದು ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಇರುವ ಮಾತ್ರೆ.

ಸಿರೋಸಿಸ್ ಇರುವವರಲ್ಲಿ ಕಿಡ್ನಿಗೆ ರಕ್ತ ತರುವ ಪುಟ್ಟ ನಾಳಗಳು ಆಗಲೇ ಕಷ್ಟದಲ್ಲಿರುತ್ತವೆ. ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಅವನ್ನು ಹೇಗೋ ತೆರೆದು ಹಿಡಿದಿರುತ್ತದೆ. ಈ ಮಾತ್ರೆಗಳು ತಡೆಯುವುದು ಅದೇ ಪ್ರೊಸ್ಟಗ್ಲಾಂಡಿನನ್ನು. ನೋವು ಕಡಿಮೆಯಾಗುತ್ತದೆ, ಜೊತೆಗೆ ಕಿಡ್ನಿಯ ನಾಳವೂ ಮುಚ್ಚಿಕೊಳ್ಳುತ್ತದೆ. ಕೆಲವೇ ದಿನಗಳಲ್ಲಿ ಕಿಡ್ನಿ ಕೈ ಕೊಡಬಹುದು. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಎನಲಾಪ್ರಿಲ್, ರಾಮಿಪ್ರಿಲ್ ಜಾತಿಯ ಬಿಪಿ ಮಾತ್ರೆಗಳನ್ನು ಡಾಕ್ಟರು ನಿಲ್ಲಿಸುವುದಕ್ಕೂ ಇಂಥದ್ದೇ ಕಾರಣ. ಪ್ಯಾರಸಿಟಮಾಲ್ ಲಿವರ್‌ಗೆ ವಿಷ ಅಂತ ಹೆದರಿ ಡೈಕ್ಲೋಫೆನಾಕ್ ನುಂಗುವವರಿದ್ದಾರೆ. ವಿಷಯ ಉಲ್ಟಾ. ಡಾಕ್ಟರು ಹೇಳಿದ ಕಡಿಮೆ ಪ್ರಮಾಣದಲ್ಲಿ ತಗೊಂಡರೆ ಇವರಿಗೆ ಪ್ಯಾರಸಿಟಮಾಲೇ ವಾಸಿ. ಪ್ರಮಾಣವನ್ನು ಮಾತ್ರ ನಾವೇ ನಿರ್ಧರಿಸುವ ಹಾಗಿಲ್ಲ.

ನೋಡುವುದು ಹೇಗೆ?

ಕೆಲವು ಗುರುತುಗಳನ್ನು ಬರಿಗಣ್ಣಿನಲ್ಲೇ ನೋಡಬಹುದು. ಎದೆ, ಕತ್ತು, ಮುಖ, ತೋಳಿನ ಮೇಲೆ ಜೇಡದ ಆಕಾರದ ಕೆಂಪು ಗುರುತುಗಳು ಬರುತ್ತವೆ. ನಡುವೆ ಒಂದು ಚುಕ್ಕೆ, ಸುತ್ತ ಕಾಲುಗಳ ಥರ ಎಳೆಗಳು. ಪೆನ್ನಿನ ಮೊಂಡು ತುದಿಯಿಂದ ನಡುವಿನ ಚುಕ್ಕೆಯನ್ನು ಮೆಲ್ಲಗೆ ಒತ್ತಿ. ಇಡೀ ಜೇಡ ಮಾಯ, ಚರ್ಮ ಬಿಳಿಚಿಕೊಳ್ಳುತ್ತದೆ. ಬಿಟ್ಟ ತಕ್ಷಣ ನಡುವಿನಿಂದ ಹೊರಗೆ, ಒಂದೊಂದು ಕಾಲೂ ಕೆಂಪಾಗುತ್ತಾ ಬರುತ್ತದೆ. ನಡುವೆ ಇರುವುದು ಹಿಗ್ಗಿದ ಒಂದು ಸಣ್ಣ ಅಪಧಮನಿ, ಸುತ್ತಲಿನ ಎಳೆಗಳಿಗೆಲ್ಲ ರಕ್ತ ಅಲ್ಲಿಂದಲೇ ಹೋಗುತ್ತದೆ. ಬಸುರಿಯರಲ್ಲಿ, ಮಕ್ಕಳಲ್ಲಿ ಒಂದೆರಡು ಕಂಡರೆ ಹೆದರಬೇಕಾಗಿಲ್ಲ. ದೊಡ್ಡವರ ಎದೆ ತುಂಬ ಎದ್ದರೆ ಲಿವರ್ ತೋರಿಸಲೇಬೇಕು. ಕಪ್ಪು ಚರ್ಮದಲ್ಲಿ ಇವು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ ಅನ್ನುವುದೂ ನೆನಪಿರಲಿ.

ಚರ್ಮದ ಬಣ್ಣದ ಈ ತೊಡಕು ಇಲ್ಲದ ಜಾಗ ಒಂದಿದೆ. ನಾಲಿಗೆಯ ಕೆಳಗೆ. ಅಲ್ಲಿನ ಪದರ ತೆಳು, ಬಣ್ಣದ ಕೋಶಗಳು ಕಡಿಮೆ, ನಾಳಗಳು ಮೇಲೆಯೇ ಇರುತ್ತವೆ. 1990ರ ದಶಕದ ಕೊನೆಯಿಂದ ಇದಕ್ಕಾಗಿ ಕೈಯಲ್ಲಿ ಹಿಡಿಯುವ ಸೂಕ್ಷ್ಮ ಕ್ಯಾಮೆರಾಗಳು ಬಂದಿವೆ. ತುದಿಯಿಂದ ಹಸಿರು ಬೆಳಕು ಹೊರಡುತ್ತದೆ. ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಹೀರಿಕೊಳ್ಳುವುದರಿಂದ ತೆರೆಯ ಮೇಲೆ ಕೆಂಪು ರಕ್ತಕಣಗಳು ಕಪ್ಪಗೆ ಕಾಣುತ್ತವೆ. ಬೂದು ಹಿನ್ನೆಲೆಯಲ್ಲಿ ಕಪ್ಪು ಎಳೆಗಳ ಜಾಲ. ಅದರೊಳಗೆ ಕಣಗಳು ಸಾಲುಗಟ್ಟಿ ಓಡುತ್ತಿರುತ್ತವೆ. ಕೆಲವು ಎಳೆಗಳಲ್ಲಿ ಓಟ ಎಷ್ಟು ಜೋರು ಅಂದರೆ ಒಂದೊಂದೇ ಕಣ ಬೇರೆಯಾಗಿ ಕಾಣುವುದೇ ಇಲ್ಲ. ಪಕ್ಕದ ಎಳೆಯಲ್ಲಿ ಒಂದಿಷ್ಟು ಕಣ ಬಂದು ನಿಂತು, ಹಿಂದೆ ಮುಂದೆ ಅಲ್ಲಾಡಿ, ಮತ್ತೆ ಹೊರಡುತ್ತವೆ. ಇನ್ನೊಂದರಲ್ಲಿ ಏನೂ ಚಲಿಸುತ್ತಿಲ್ಲ. ಇಷ್ಟೂ ಒಂದು ಮಿಲಿಮೀಟರ್ ಜಾಗದಲ್ಲಿ.

ತಂತ್ರಜ್ಞರಿಗೆ ಕೈ ಅಲ್ಲಾಡಬಾರದು. ಜೊಲ್ಲಿನ ಗುಳ್ಳೆಗಳನ್ನು ಮೊದಲು ಬಟ್ಟೆಯಿಂದ ಒರೆಸಿಕೊಳ್ಳಬೇಕು. ಕ್ಯಾಮೆರಾ ಸ್ವಲ್ಪ ಜಾಸ್ತಿ ಒತ್ತಿದರೂ ನಾಳ ಅಮುಕಿ ಹರಿವು ನಿಂತುಬಿಡುತ್ತದೆ, ಆಗ ಇಲ್ಲದ ಕಾಯಿಲೆ ಇದ್ದ ಹಾಗೆ ಕಾಣುತ್ತದೆ. ಅದಕ್ಕೇ ನಾಲ್ಕೈದು ಜಾಗದಲ್ಲಿ, ಒಂದೊಂದು ಕಡೆ ಹತ್ತಿಪ್ಪತ್ತು ಸೆಕೆಂಡು ಚಿತ್ರೀಕರಿಸುತ್ತಾರೆ. ಆಮೇಲೆ ಕುಳಿತು ಅಂಕ ಹಾಕುವುದು. 20 ಮೈಕ್ರಾನ್‌ಗಿಂತ ಸಣ್ಣ ನಾಳಗಳು ಎಷ್ಟು ದಟ್ಟವಾಗಿವೆ? ಅವುಗಳಲ್ಲಿ ಎಷ್ಟರಲ್ಲಿ ರಕ್ತ ಓಡುತ್ತಿದೆ? ಓಟಕ್ಕೆ 0ಯಿಂದ 3ರವರೆಗೆ ಅಂಕ. ನಿಂತಿದ್ದರೆ 0, ಬಿಟ್ಟು ಬಿಟ್ಟು ಓಡಿದರೆ 1, ನಿಧಾನವಾಗಿದ್ದರೆ 2, ಸಲೀಸಾಗಿದ್ದರೆ 3. ಎಲ್ಲರೂ ಒಂದೇ ಅಳತೆ ಬಳಸಲಿ ಅಂತ ತಜ್ಞರು 2007ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ಒಮ್ಮತದ ನಿಯಮಗಳನ್ನು ಪ್ರಕಟಿಸಿದ್ದಾರೆ.

ಬೇರೆ ವಿಧಾನಗಳೂ ಇವೆ. ಉಗುರಿನ ಬುಡಕ್ಕೆ ಒಂದು ಹನಿ ಎಣ್ಣೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಒಂದು. ಚರ್ಮಕ್ಕೆ ಲೇಸರ್ ಹಾಯಿಸಿ ಹರಿವು ಅಳೆಯುವುದು ಇನ್ನೊಂದು. ನನಗೆ ಇಷ್ಟವಾಗುವುದು ಪಟ್ಟಿ ಕಟ್ಟುವ ಪರೀಕ್ಷೆ. ತೋಳಿಗೆ ಬಿಪಿ ಪಟ್ಟಿ ಕಟ್ಟಿ, ಹರಿವು ಪೂರ್ತಿ ನಿಲ್ಲುವಷ್ಟು ಬಿಗಿದು ಮೂರು ನಿಮಿಷ ಬಿಡುತ್ತಾರೆ. ಹೆಬ್ಬೆರಳ ಬುಡದ ಉಬ್ಬಿನ ಮೇಲೆ ಆಮ್ಲಜನಕ ಅಳೆಯುವ ಬೆಳಕಿನ ಸಾಧನ ಅಂಟಿಸಿರುತ್ತದೆ. ಪಟ್ಟಿ ಬಿಟ್ಟ ಕೂಡಲೇ ರಕ್ತ ನುಗ್ಗಿ ಬರಬೇಕು, ಮುಚ್ಚಿದ್ದ ನಾಳಗಳೂ ತೆರೆದುಕೊಳ್ಳಬೇಕು. ಎಷ್ಟು ಬೇಗ, ಎಷ್ಟು ಜೋರಾಗಿ ಅನ್ನುವುದರ ಮೇಲೆ ನಾಳಗಳಲ್ಲಿ ಇನ್ನೂ ಎಷ್ಟು ಕಸುವಿದೆ ಅಂತ ಗೊತ್ತಾಗುತ್ತದೆ. ಸುಮ್ನೆ ಕೂತಾಗಿನ ಅಳತೆಗಿಂತ ಕೆಣಕಿದಾಗಿನ ಉತ್ತರ ಜಾಸ್ತಿ ಹೇಳುತ್ತದೆ.

ಇಂಥ ಪರೀಕ್ಷೆಗೆ ಮೊದಲು ಕೋಣೆಯ ಉಷ್ಣತೆ ಒಂದೇ ಸಮ ಇರಬೇಕು, ರೋಗಿ ಸ್ವಲ್ಪ ಹೊತ್ತು ಆರಾಮಾಗಿ ಮಲಗಿರಬೇಕು. ಜುಲೈ ಮಳೆಯಲ್ಲಿ ನೆನೆದು ಮಡಿಕೇರಿ ಬಸ್ಸಿನಿಂದ ಇಳಿದು ನೇರ ಬಂದವರ ಬೆರಳಿನ ನಾಳಗಳು ಚಳಿಗೇ ಮುದುಡಿಕೊಂಡಿರುತ್ತವೆ, ಅದು ಲಿವರ್ ಸುದ್ದಿ ಹೇಳುವುದಿಲ್ಲ. ಬೀಡಿ, ಸಿಗರೇಟು ಇಲ್ಲ. ಪರೀಕ್ಷೆಯ ಮುಂಚಿನ ಕೆಲವು ಗಂಟೆ ಕಾಫಿಯೂ ಇಲ್ಲ, ಕೆಫೀನ್ ನಾಳಗಳ ಮೇಲೆ ಕೆಲಸ ಮಾಡುತ್ತದೆ. ಬೆಳಗ್ಗೆ ಬೆಲ್ಲದ ಕಾಫಿ ಇಲ್ಲದೆ ಕಣ್ಣೇ ತೆರೆಯದ ಜಿಲ್ಲೆಗೆ ಇದು ದೊಡ್ಡ ತ್ಯಾಗವೇ. ಸಮಾಧಾನಕ್ಕೆ ಒಂದು ಮಾತು: ಕಾಫಿ ಕುಡಿಯುವವರಲ್ಲಿ ಸಿರೋಸಿಸ್ ಕಡಿಮೆ ಅಂತ ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಹಾಗಂತ ಗ್ಲಾಸಿನ ಲೆಕ್ಕವನ್ನು ಲೋಟದಲ್ಲಿ ಸರಿತೂಗಿಸಲು ಹೊರಡಬೇಡಿ.

ಏರು ಹತ್ತುವಾಗ ಏದುಸಿರು

ಶ್ವಾಸಕೋಶದ ಲೋಮನಾಳಗಳೂ ಕೆಲವರಲ್ಲಿ ಹಿಗ್ಗುತ್ತವೆ. ಎಂಟು ಹತ್ತು ಮೈಕ್ರಾನ್ ಇರಬೇಕಾದದ್ದು ಅದರ ಹಲವು ಪಟ್ಟು ಅಗಲವಾಗುತ್ತದೆ. ಅಗಲವಾದರೆ ಒಳ್ಳೆಯದಲ್ವಾ ಅನಿಸಬಹುದು. ಇಲ್ಲ. ನಾಳದ ನಡುವೆ ಓಡುವ ಕಣಗಳಿಗೆ ಆಮ್ಲಜನಕ ತಲುಪುವುದೇ ಇಲ್ಲ, ಹೋದ ಹಾಗೇ ವಾಪಸ್ ಬರುತ್ತವೆ. ಇಂಥವರಿಗೆ ನಿಂತಾಗ ಉಸಿರಾಟ ಕಷ್ಟ, ಮಲಗಿದರೆ ಹಗುರ. ಹೃದಯದ ತೊಂದರೆಯಲ್ಲಿ ಸಾಮಾನ್ಯವಾಗಿ ಇದಕ್ಕೆ ವಿರುದ್ಧ, ಮಲಗಿದರೇ ಉಸಿರು ಕಟ್ಟುವುದು.

ಪತ್ತೆ ಮಾಡುವ ವಿಧಾನ ಸರಳ. ಸಲೈನನ್ನು ಚೆನ್ನಾಗಿ ಕುಲುಕಿ, ಗುಳ್ಳೆ ಎಬ್ಬಿಸಿ, ಕೈಯ ನಾಳಕ್ಕೆ ಕೊಡುತ್ತಾರೆ. ಎಕೋ ಯಂತ್ರದಲ್ಲಿ ಹೃದಯ ನೋಡುತ್ತಿರುತ್ತಾರೆ. ಗುಳ್ಳೆಗಳು ಹೃದಯದ ಬಲಭಾಗಕ್ಕೆ ಬಂದು ಶ್ವಾಸಕೋಶಕ್ಕೆ ಹೋಗುತ್ತವೆ. ಅಲ್ಲಿನ ಲೋಮನಾಳ ಸರಿ ಇದ್ದರೆ ಗುಳ್ಳೆಗಳು ಅಲ್ಲೇ ಉಳಿದು ಕರಗುತ್ತವೆ, ಎಡಭಾಗ ಖಾಲಿ. ನಾಳ ಹಿಗ್ಗಿದ್ದರೆ ಮೂರರಿಂದ ಆರು ಬಡಿತದೊಳಗೆ ಎಡಭಾಗದಲ್ಲೂ ಗುಳ್ಳೆ ಕಾಣಿಸಿಕೊಳ್ಳುತ್ತದೆ. ಅದಕ್ಕೂ ಮೊದಲೇ ಕಂಡರೆ ಹೃದಯದ ಗೋಡೆಯಲ್ಲಿ ತೂತಿದೆಯೇ ಅಂತ ಹುಡುಕಬೇಕು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ, ಮಂಗಳೂರಿಗಿಂತ ಇಲ್ಲಿ ಗಾಳಿ ಸ್ವಲ್ಪ ತೆಳು. ಲೈನ್ ಮನೆಯಿಂದ ತೋಟದ ಏರು ಹತ್ತುವಾಗ ಏದುಸಿರು ಬರುವ ಸಿರೋಸಿಸ್ ರೋಗಿಯನ್ನು 'ವಯಸ್ಸಾಯ್ತು' ಅಂತ ಬಿಟ್ಟುಬಿಡುವುದು ಸರಿಯಲ್ಲ. ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ ಮಲಗಿ ಒಮ್ಮೆ, ನಿಂತು ಒಮ್ಮೆ ನೋಡಿದರೆ ಅರ್ಧ ಸುಳಿವು ಸಿಕ್ಕಿಬಿಡುತ್ತದೆ. ಕಪ್ಪು ಚರ್ಮದವರಲ್ಲಿ ಆಕ್ಸಿಮೀಟರ್ ಕೆಲವೊಮ್ಮೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ಆ ಎಚ್ಚರ ಇರಲಿ.

ಇಷ್ಟೆಲ್ಲ ನೋಡಿ ಲಾಭ ಏನು?

ಔಷಧಿಗಳನ್ನು ಅರ್ಥ ಮಾಡಿಕೊಳ್ಳಲು ಈಗಾಗಲೇ ಲಾಭವಾಗಿದೆ. ಪ್ರೊಪ್ರನಲಾಲ್ ಹೃದಯದ ಹಳೆಯ ಮಾತ್ರೆ. ಅದು ಕರುಳಿನ ಕಡೆಯ ಹರಿವನ್ನು ತಗ್ಗಿಸಿ ಅನ್ನನಾಳದ ರಕ್ತಸ್ರಾವ ಮರುಕಳಿಸದ ಹಾಗೆ ತಡೆಯುತ್ತದೆ ಅಂತ ಫ್ರಾನ್ಸಿನ ಲೆಬ್ರೆಕ್ ತಂಡ 1981ರಲ್ಲಿ ತೋರಿಸಿತು. ಈಗ ಕಾರ್ವೆಡಿಲಾಲ್ ಕೂಡ ಬಳಕೆಯಲ್ಲಿದೆ. ಹೊಟ್ಟೆಯ ನೀರಿಗೆ ಸೋಂಕು ತಗುಲಿದಾಗ ಆಂಟಿಬಯಾಟಿಕ್ ಜೊತೆ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಕೊಟ್ಟರೆ ಕಿಡ್ನಿ ಕೈಕೊಡುವುದೂ ಸಾವೂ ಕಡಿಮೆ ಅಂತ 1999ರ ಸ್ಪೇನಿನ ಅಧ್ಯಯನ ತಿಳಿಸಿತು. ಟೆರ್ಲಿಪ್ರೆಸಿನ್ ಹಿಗ್ಗಿದ ಕರುಳಿನ ನಾಳಗಳನ್ನು ಬಿಗಿ ಮಾಡಿ ಕಿಡ್ನಿಗೆ ರಕ್ತ ತಿರುಗಿಸುತ್ತದೆ. ಪ್ರೊಪ್ರನಲಾಲ್, ಆಲ್ಬುಮಿನ್, ಟೆರ್ಲಿಪ್ರೆಸಿನ್, ಮೂರೂ ಲಿವರ್ ಔಷಧಿಗಳೇ, ಆದರೆ ಕೆಲಸ ಮಾಡುವುದು ಲಿವರ್ ಮೇಲಲ್ಲ, ರಕ್ತದ ಹಂಚಿಕೆಯ ಮೇಲೆ.

ಇನ್ನೂ ಕೈಗೆ ಸಿಗದಿರುವುದು ಮುನ್ಸೂಚನೆ. ಇವತ್ತು ವಾರ್ಡಿನಲ್ಲಿ ಮಾತಾಡಿಕೊಂಡು ಕೂತಿರುವ ರೋಗಿಗಳಲ್ಲಿ ಯಾರ ಕಿಡ್ನಿ ಮುಂದಿನ ವಾರ ನಿಲ್ಲುತ್ತದೆ? ಬಿಪಿ ಹೇಳುವುದಿಲ್ಲ. ಕಿಡ್ನಿ ಹೇಗಿದೆ ಅಂತ ನೋಡಲು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ ತಡವಾಗಿ ಹೇಳುತ್ತದೆ, ಮೈ ಸೊರಗಿದವರಲ್ಲಂತೂ ಮೋಸವನ್ನೇ ಮಾಡುತ್ತದೆ, ಯಾಕೆಂದರೆ ಅದು ಹುಟ್ಟುವುದು ಸ್ನಾಯುವಿನಿಂದ, ಇವರಲ್ಲಿ ಸ್ನಾಯುವೇ ಕರಗಿರುತ್ತದೆ. ಸಣ್ಣ ನಾಳಗಳ ಹರಿವು ಇದಕ್ಕೂ ಮೊದಲೇ ಸುಳಿವು ಕೊಡಬಹುದೇ ಎನ್ನುವುದು ಸಂಶೋಧಕರ ಪ್ರಶ್ನೆ. ಇದುವರೆಗಿನ ಅಧ್ಯಯನಗಳು ಸಣ್ಣವು, ಫಲಿತಾಂಶ ಎಲ್ಲ ಕಡೆ ಒಂದೇ ಥರ ಬಂದಿಲ್ಲ. ನಾಲಿಗೆಯ ಕೆಳಗೆ ಕಂಡದ್ದೇ ಕಿಡ್ನಿಯಲ್ಲೂ ಆಗುತ್ತಿದೆ ಅಂತ ಹೇಳಲು ಬರುವುದಿಲ್ಲ. ವಿಡಿಯೋ ಅಳೆಯಲು ಸಮಯ ಹಿಡಿಯುತ್ತದೆ. ಹಾಗಾಗಿ ಯಾರಾದರೂ ಈ ಪರೀಕ್ಷೆಯನ್ನು ಲಿವರ್ ಚೆಕಪ್ ಪ್ಯಾಕೇಜಿನಲ್ಲಿ ಮಾರಲು ಬಂದರೆ ದುಡ್ಡು ಕೊಡಬೇಡಿ. ಇದು ಸದ್ಯಕ್ಕೆ ಸಂಶೋಧನೆಯ ಸಾಧನ, ಚಿಕಿತ್ಸೆ ನಿರ್ಧರಿಸುವ ಸಾಧನವಲ್ಲ.

ಸಂಶೋಧನೆಗೆ ನಿಮ್ಮನ್ನೇ ಕರೆದರೆ?

ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜು ಇದೆ. ಆದರೂ ಲಿವರ್ ತಜ್ಞರನ್ನು ಕಾಣಲು ಮೈಸೂರು, ಮಂಗಳೂರು, ಬೆಂಗಳೂರು ಅಂತ ಓಡಾಡುವವರೇ ಜಾಸ್ತಿ. ಅಂಥ ದೊಡ್ಡ ಆಸ್ಪತ್ರೆಗಳಲ್ಲಿ 'ಒಂದು ಅಧ್ಯಯನ ಇದೆ, ಸೇರ್ತೀರಾ' ಅಂತ ಕೇಳಬಹುದು. ನಾಲಿಗೆಯ ಕ್ಯಾಮೆರಾಗೆ ಸೂಜಿ ಇಲ್ಲ, ನೋವಿಲ್ಲ. ಒಸಡಿನಲ್ಲಿ ರಕ್ತ ಬರುವ ತೊಂದರೆ ಇದ್ದರೆ ಮೊದಲೇ ಹೇಳಿ. ನಿಮಗೆ ನೇರವಾಗಿ ಲಾಭ ಆಗುತ್ತದೆ ಅಂತ ಯಾರೂ ಭರವಸೆ ಕೊಡಬಾರದು, ಕೊಟ್ಟರೆ ಅದೇ ಅನುಮಾನ ಪಡಬೇಕಾದ ವಿಷಯ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಪ್ರಕಟಿಸಿದ ನೀತಿ ನಿಯಮಗಳ ಪ್ರಕಾರ, ಎಲ್ಲವನ್ನೂ ರೋಗಿಗೆ ತಿಳಿಯುವ ಭಾಷೆಯಲ್ಲೇ ವಿವರಿಸಬೇಕು. ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿ ಪಕ್ಕದಲ್ಲಿರಬೇಕು. ಎಸ್ಟೇಟಿನ ರೈಟರೋ ಮೇಸ್ತ್ರಿಯೋ ಜೊತೆಗೆ ಬಂದು 'ಒತ್ತಯ್ಯ' ಅಂದರೆ ಅದು ಒಪ್ಪಿಗೆಯಲ್ಲ. ಎರವರು, ಜೇನುಕುರುಬರು, ಹೊರರಾಜ್ಯಗಳಿಂದ ಬಂದ ಕೂಲಿಯವರು, ಇವರ ವಿಷಯದಲ್ಲಿ ಈ ಎಚ್ಚರ ಇನ್ನೂ ಜಾಸ್ತಿ ಬೇಕು. ಲಿವರ್ ಕಾಯಿಲೆಗೆ ಸೇರಿದ ಇನ್ನೊಂದು ತೊಡಕೂ ಇದೆ. ಸಿರೋಸಿಸ್ ಮುಂದುವರಿದಾಗ ರೋಗಿಗೆ ಮಂಕು ಕವಿಯುತ್ತದೆ. ಹಗಲು ನಿದ್ದೆ, ರಾತ್ರಿ ಎಚ್ಚರ, ಮಾತು ತಪ್ಪುವುದು. ಕೈ ಮುಂದೆ ಚಾಚಿ ಮಣಿಕಟ್ಟು ಮೇಲೆತ್ತಿ ಹಿಡಿಯಲು ಹೇಳಿದರೆ ಅಂಗೈ ಪಟಪಟ ಬೀಳುತ್ತದೆ. ಆ ಸ್ಥಿತಿಯಲ್ಲಿ ಹಾಕಿದ ಸಹಿಗೆ ಬೆಲೆ ಇಲ್ಲ. ತಿಳಿವು ಬಂದ ಮೇಲೆ ಮತ್ತೆ ಕೇಳಬೇಕು, ಅಲ್ಲಿಯವರೆಗೆ ಮನೆಯವರ ಜೊತೆ ಮಾತಾಡಬೇಕು.

ಯಾವಾಗ ಬೇಕಾದರೂ ಬೇಡ ಅನ್ನಬಹುದು, ಅದರಿಂದ ಮಾಮೂಲು ಚಿಕಿತ್ಸೆ ನಿಲ್ಲುವ ಹಾಗಿಲ್ಲ. ಔಷಧಿ ಪ್ರಯೋಗವಾದರೆ ಸಿಟಿಆರ್‌ಐ ಎಂಬ ರಾಷ್ಟ್ರೀಯ ದಾಖಲೆಯಲ್ಲಿ ನೋಂದಣಿ 2009ರಿಂದ ಕಡ್ಡಾಯ. ಆ ನಂಬರ್ ಕೇಳಿ, ಮೊಬೈಲ್‌ನಲ್ಲೇ ಹುಡುಕಿ ನೋಡಬಹುದು. ಬಸ್ ಚಾರ್ಜು ಮತ್ತು ಹೋದ ದಿನದ ಕೂಲಿ ಕೊಡುತ್ತೀರಾ ಅಂತ ಕೇಳುವುದಕ್ಕೂ ಸಂಕೋಚ ಬೇಡ. ಅದನ್ನು ಭರಿಸಬಹುದು ಅಂತ ಅದೇ ನಿಯಮಗಳಲ್ಲಿ ಬರೆದಿದೆ.